ಹೊರದೇಶದ ಕಾಲೇಜು ನೋಡಲು ಹೊರಟ ಪ್ರಿನ್ಸಿಪಾಲರಿಗೆ

ಮೊದಲ ಸಲ ಎಕ್ಸ್‌ಚೇಂಜ್ ಕಾರ್ಯಕ್ರಮದಲ್ಲಿ ಅಮೆರಿಕದ ಕಮ್ಯುನಿಟಿ ಕಾಲೇಜುಗಳನ್ನು (ಮುಖ್ಯವಾಗಿ ಎರಡು ವರ್ಷದ ಓದಿನ ಸ್ಥಳೀಯ ಕಾಲೇಜುಗಳು) ನೋಡಿ ಬಂದಾಗ ನನ್ನ ಬ್ಯಾಗಿನಲ್ಲಿ 41 ವಿಸಿಟಿಂಗ್ ಕಾರ್ಡ್ ಇದ್ದವು. ಫೋನಿನಲ್ಲಿ ಸಾವಿರಕ್ಕೂ ಜಾಸ್ತಿ ಫೋಟೋ. ವೆಲ್ಡಿಂಗ್ ಲ್ಯಾಬ್ ಮುಂದೆ ನಾನು, ಲೈಬ್ರರಿ ಮೆಟ್ಟಿಲ ಮೇಲೆ ನಾನು, ಯಾರದೋ ಕೈ ಕುಲುಕುತ್ತಾ ನಾನು. ಸ್ಟಾಫ್ ಮೀಟಿಂಗ್‌ನಲ್ಲಿ ಎಲ್ಲವನ್ನೂ ಉತ್ಸಾಹದಿಂದ ತೋರಿಸಿದೆ. ಕೊನೆಗೆ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಒಬ್ಬರು ಕೇಳಿದರು: "ಎಲ್ಲಾ ಚೆನ್ನಾಗಿದೆ ಸರ್. ನಾಳೆಯಿಂದ ನಾವೇನು ಬೇರೆ ಮಾಡ್ಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೇ ಸಲ ಹೋಗುವಾಗ ಒಂದೇ ಪ್ರಶ್ನೆ ಹಿಡಿದು ಹೋದೆ. ಮೊದಲ ಸೆಮಿಸ್ಟರ್ ಮುಗಿಸಿದ ಹುಡುಗರಲ್ಲಿ ಕೆಲವರು ಎರಡನೆಯದಕ್ಕೆ ಯಾಕೆ ಬರುವುದಿಲ್ಲ? ನಿಮ್ಮ ಪ್ರಶ್ನೆ ಬೇರೆ ಇರಬಹುದು. ಆದರೆ ಒಂದೇ ಇರಲಿ. ಅರ್ಜಿ ತುಂಬುವ ಮೊದಲೇ ಅದನ್ನು ಒಂದು ಸಾಲಿನಲ್ಲಿ ಬರೆದಿಡಿ. ಒಂದು ಸಾಲಿಗೆ ಇಳಿಯದಿದ್ದರೆ ನಿಮಗಿನ್ನೂ ಪ್ರಶ್ನೆ ಸಿಕ್ಕಿಲ್ಲ ಅಂತಲೇ ಲೆಕ್ಕ.

ಇನ್ನು ದಾರಿ ಹುಡುಕುವ ವಿಷಯ. ಇಲ್ಲಿ ಬಹಳ ಜನ ಎಡವುವುದು ದಿಕ್ಕಿನ ಬಗ್ಗೆ. ಅಮೆರಿಕ ಸರ್ಕಾರದ ವಿನಿಮಯ ಕಾರ್ಯಕ್ರಮವಾದ ಫುಲ್‌ಬ್ರೈಟ್ ಹೆಸರು 1946ರಿಂದ ಇದೆ, ಎಲ್ಲರೂ ಕೇಳಿದ್ದಾರೆ. ಆದರೆ ಅದರ ಇಂಟರ್‌ನ್ಯಾಷನಲ್ ಎಜುಕೇಶನ್ ಅಡ್ಮಿನಿಸ್ಟ್ರೇಟರ್ಸ್ ಸೆಮಿನಾರ್‌ಗಳು ಅಮೆರಿಕದ ಆಡಳಿತಗಾರರನ್ನು ಸುಮಾರು ಎರಡು ವಾರಕ್ಕೆ ಜರ್ಮನಿ, ಫ್ರಾನ್ಸ್, ಜಪಾನ್‌ನಂಥ ದೇಶಗಳಿಗೆ ಕಳಿಸುವಂಥವು. ಬೇರೆ ದೇಶದವರು ಅಮೆರಿಕಕ್ಕೆ ಹೋಗುವ ದಾರಿ ಬೇರೆ. ಅಲ್ಲಿನ ವಿದೇಶಾಂಗ ಇಲಾಖೆಯ ಕಮ್ಯುನಿಟಿ ಕಾಲೇಜ್ ಅಡ್ಮಿನಿಸ್ಟ್ರೇಟರ್ ಪ್ರೋಗ್ರಾಂ ಅಂಥದ್ದಾಗಿತ್ತು. ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯ ಮೂಲಕ ಹಲವು ದೇಶಗಳ ತಂಡಗಳು ಅದರಲ್ಲಿ ಹೋಗಿ ಬಂದವು. ಇಂಥ ಕಾರ್ಯಕ್ರಮಗಳಿಗೆ ಯಾವ ದೇಶದವರನ್ನು ಕರೆಯುತ್ತಾರೆ ಅನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹಾಗಾಗಿ ಹಳೆಯ ಪ್ರಕಟಣೆ ನಂಬಿ ಅರ್ಜಿಯ ಪ್ರಬಂಧ ಬರೆಯಲು ಕೂರಬೇಡಿ.

ಯುರೋಪಿಯನ್ ಒಕ್ಕೂಟದ ವಿನಿಮಯ ಕಾರ್ಯಕ್ರಮವಾದ ಎರಾಸ್ಮಸ್ ಪ್ಲಸ್ ಇನ್ನೊಂದು ರೀತಿಯದು. ಉನ್ನತ ಶಿಕ್ಷಣದ ಸಿಬ್ಬಂದಿಗೆ ಯುರೋಪಿನ ಹೊರಗಿನಿಂದ ಹೋಗಿಬರಲು ಸಾಮಾನ್ಯವಾಗಿ 5 ದಿನದಿಂದ 2 ತಿಂಗಳವರೆಗೆ ಅವಕಾಶ ಕೊಡುತ್ತದೆ. ಆದರೆ ನೀವೊಬ್ಬರೇ ನೇರವಾಗಿ ಅರ್ಜಿ ಹಾಕುವಂತಿಲ್ಲ. ನಿಮ್ಮ ಕಾಲೇಜಿಗೂ ಅಲ್ಲಿನ ಸಂಸ್ಥೆಗೂ ಮೊದಲೇ ಒಪ್ಪಂದ ಆಗಿರಬೇಕು. ಅಂದರೆ ಮೊದಲ ಕೆಲಸ ಅರ್ಜಿಯಲ್ಲ, ಅಲ್ಲಿ ಒಬ್ಬ ಪರಿಚಯದವರನ್ನು ಹುಡುಕುವುದು.

ಅರ್ಜಿಯ ಪ್ರಬಂಧದಲ್ಲಿ "ಜಾಗತಿಕ ದೃಷ್ಟಿಕೋನ ಬೆಳೆಸಿಕೊಳ್ಳಲು" ಅಂತ ಬರೆಯಬೇಡಿ. ನಾನೂ ಬರೆದಿದ್ದೆ. ಆಮೇಲೆ ಒಂದು ವರ್ಷ ಆಯ್ಕೆ ಸಮಿತಿಯಲ್ಲಿ ಕೂತಾಗ ಗೊತ್ತಾಯಿತು, ಅರ್ಧಕ್ಕರ್ಧ ಜನ ಅದೇ ಸಾಲು ಬರೆಯುತ್ತಾರೆ. ಅದರ ಬದಲು ನಿಮ್ಮ ಕಾಲೇಜಿನ ನಿಜವಾದ ಅಂಕಿ ಕೊಡಿ. ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ನಿಮ್ಮ ಸಹಿಯಿಂದ ಯಾವುದನ್ನು ಬದಲಾಯಿಸಬಹುದು, ಯಾವುದಕ್ಕೆ ಮೇಲಿನವರ ಒಪ್ಪಿಗೆ ಬೇಕು. ಈ ಕೊನೆಯದನ್ನು ಯಾರೂ ಬರೆಯುವುದಿಲ್ಲ. ಸಮಿತಿಗೆ ಅದೇ ಬೇಕಾಗಿರುತ್ತದೆ.

ಅಮೆರಿಕಕ್ಕೆ ಇಂಥ ಕಾರ್ಯಕ್ರಮದಲ್ಲಿ ಹೋಗುವುದಾದರೆ ಸಾಮಾನ್ಯವಾಗಿ ಜೆ-1 ವೀಸಾ. ಪ್ರಾಯೋಜಕರು ಡಿಎಸ್-2019 ಎಂಬ ಫಾರಂ ಕಳಿಸುತ್ತಾರೆ. ಅದರಲ್ಲಿ ಹೆಸರು, ಹುಟ್ಟಿದ ದಿನ, ಕಾರ್ಯಕ್ರಮದ ತಾರೀಖು ಮೂರನ್ನೂ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ನೋಡಿ. ನನ್ನ ಹೆಸರಿನ ಇನಿಶಿಯಲ್ ಒಂದು ಹಿಂದೆಮುಂದೆ ಆಗಿ ಮೂರು ವಾರ ಹೋಯಿತು. ಕಾರ್ಯಕ್ರಮ ಶುರುವಾಗಲು 30 ದಿನಕ್ಕಿಂತ ಹೆಚ್ಚು ಬಾಕಿ ಇದ್ದರೆ ದೇಶದೊಳಗೆ ಬಿಡುವುದಿಲ್ಲ. ಆರೋಗ್ಯ ವಿಮೆ ಕಡ್ಡಾಯ, ಒಂದು ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್‌ನಷ್ಟು ಇರಬೇಕು. ಸರ್ಕಾರದ ಹಣದಲ್ಲಿ ಹೋದವರಿಗೆ ಎರಡು ವರ್ಷದ ನಿಯಮವೂ ಅಂಟಿಕೊಳ್ಳುತ್ತದೆ: ಸ್ವದೇಶದಲ್ಲಿ ಎರಡು ವರ್ಷ ಇರುವವರೆಗೆ ಎಚ್-1ಬಿ ಅಥವಾ ಗ್ರೀನ್ ಕಾರ್ಡ್ ಸಿಗುವುದಿಲ್ಲ. ಪ್ರಿನ್ಸಿಪಾಲರಿಗೆ ಅದರಿಂದ ಏನು ತೊಂದರೆ ಅಲ್ವಾ? ಆದರೂ ಸಹಿ ಮಾಡುವ ಮುಂಚೆ ಓದಿರಿ.

ಹೊರಡುವ ಮೊದಲು ಪದಗಳ ಗೊಂದಲ ಬಿಡಿಸಿಕೊಳ್ಳಿ. ನಾನು "ಡಿಪ್ಲೊಮಾ" ಅಂದಾಗಲೆಲ್ಲ ಅವರು ಹೈಸ್ಕೂಲು ಮುಗಿಸಿದ ಸರ್ಟಿಫಿಕೇಟ್ ಅಂದುಕೊಂಡರು. ಎರಡು ದಿನ ಮಾತು ಎಲ್ಲೋ ಹೋಗುತ್ತಿತ್ತು. ಅವರಲ್ಲಿ ಎರಡು ವರ್ಷದ ಓದಿಗೆ ಅಸೋಸಿಯೇಟ್ ಡಿಗ್ರಿ ಅನ್ನುತ್ತಾರೆ, ಸುಮಾರು 60 ಕ್ರೆಡಿಟ್. "ಟೆಕ್ನಿಕಲ್ ಕಾಲೇಜ್" ಅನ್ನುವುದೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ವಿಸ್ಕಾನ್ಸಿನ್‌ನಲ್ಲಿ 16 ಟೆಕ್ನಿಕಲ್ ಕಾಲೇಜುಗಳದ್ದೇ ಪ್ರತ್ಯೇಕ ವ್ಯವಸ್ಥೆ. ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯುನಿಟಿ ಕಾಲೇಜುಗಳಿದ್ದು, ವೆಲ್ಡಿಂಗೂ ತತ್ವಶಾಸ್ತ್ರವೂ ಒಂದೇ ಕ್ಯಾಂಪಸ್‌ನಲ್ಲಿ ಸಿಗಬಹುದು. ನಿಮ್ಮ ಕಾಲೇಜಿನ ಬಗ್ಗೆ ಒಂದು ಪುಟ ಬರೆದುಕೊಳ್ಳಿ: ಯಾವ ವಯಸ್ಸಿನವರು ಬರುತ್ತಾರೆ, ಎಷ್ಟು ವರ್ಷ ಓದುತ್ತಾರೆ, ಸಿಲಬಸ್ ಯಾರು ಮಾಡುತ್ತಾರೆ, ಪರೀಕ್ಷೆ ಯಾರು ನಡೆಸುತ್ತಾರೆ. ಮೊದಲ ದಿನವೇ ಅದನ್ನು ಹಂಚಿ.

ಅಲ್ಲಿಗೆ ಹೋದ ಮೇಲೆ ನಿಮ್ಮ ಶತ್ರು ವೇಳಾಪಟ್ಟಿ. ನನಗೆ ಒಂದೇ ದಿನ ಐದು ಭೇಟಿ ಇಟ್ಟಿದ್ದರು. ಎಲ್ಲ ಕಡೆ ಅದೇ ಸ್ವಾಗತ, ಅದೇ ಸ್ಲೈಡು, ಅದೇ ಲ್ಯಾಬು. ಮೂರನೆಯದಕ್ಕೆ ಕಣ್ಣು ಎಳೆಯುತ್ತಿತ್ತು. ಎರಡನೇ ಪ್ರಯಾಣದಲ್ಲಿ ಸಂಯೋಜಕರಿಗೆ ಮೊದಲೇ ಮೇಲ್ ಮಾಡಿ, ವಾರಕ್ಕೆ ಎರಡು ಅರ್ಧ ದಿನ ಖಾಲಿ ಬಿಡಿ ಎಂದೆ. ಅವರಿಗೆ ಬೇಸರವೇನೂ ಆಗಲಿಲ್ಲ, ಒಂದು ತಲೆನೋವು ಕಡಿಮೆಯಾಯಿತು ಅಷ್ಟೆ.

ಆ ಖಾಲಿ ಹೊತ್ತಿನಲ್ಲಿ ಪ್ರೆಸಿಡೆಂಟ್ (ಅಲ್ಲಿ ಕಾಲೇಜಿನ ಮುಖ್ಯಸ್ಥರಿಗೆ ಹಾಗೆನ್ನುತ್ತಾರೆ) ಕೋಣೆ ಬಿಟ್ಟು ಕೌಂಟರ್‌ಗಳ ಹತ್ತಿರ ಹೋಗಿ ಕೂತೆ. ಪ್ರೆಸಿಡೆಂಟ್ ಏನು ಆಗಬೇಕು ಅಂತ ಹೇಳುತ್ತಾರೆ, ಕೌಂಟರಿನಲ್ಲಿ ಕೂತವರು ಏನು ಆಗುತ್ತಿದೆ ಅಂತ ಹೇಳುತ್ತಾರೆ. ಡಿಗ್ರಿಗೆ ಮುಂದುವರಿಯುವುದು ನಿಮ್ಮ ಪ್ರಶ್ನೆಯಾದರೆ ಟ್ರಾನ್ಸ್‌ಫರ್ ಆಫೀಸಿಗೆ ಹೋಗಿ, ಯೂನಿವರ್ಸಿಟಿಗಳ ಜೊತೆ ಮಾಡಿಕೊಂಡ ಆರ್ಟಿಕ್ಯುಲೇಶನ್ ಒಪ್ಪಂದದ (ಇಲ್ಲಿ ಓದಿದ ಕ್ರೆಡಿಟ್ ಅಲ್ಲಿ ಲೆಕ್ಕಕ್ಕೆ ಬರುವಂತೆ ಮಾಡುವ ಒಪ್ಪಂದ) ಪ್ರತಿ ಕೇಳಿ. ಸಿಲಬಸ್ ಆದರೆ ಕೈಗಾರಿಕೆಯವರು ಕೂರುವ ಅಡ್ವೈಸರಿ ಕಮಿಟಿಯ ನಡಾವಳಿ ಕೇಳಿ. ಫ್ಯಾಕ್ಟರಿಯವರು ಏನನ್ನು ತೆಗೆದುಹಾಕಿ ಅಂದರು ಅನ್ನುವುದು ಅದರಲ್ಲಿರುತ್ತದೆ. ಖಾಲಿ ಫಾರಂಗಳನ್ನು ಯಾರೂ ಇಲ್ಲ ಅನ್ನದೆ ಕೊಟ್ಟರು. ನಾನು ತಂದದ್ದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅವೇ.

ಒಂದು ಸಂಜೆ ಆಡಳಿತ ಮಂಡಳಿಯ ಸಭೆಗೂ ಹೋಗಿ. ಫ್ಲೋರಿಡಾ, ಕ್ಯಾಲಿಫೋರ್ನಿಯಾದಂಥ ಕಡೆ ಸಾರ್ವಜನಿಕ ಕಾಲೇಜುಗಳ ಮಂಡಳಿ ಸಭೆ ಕಾನೂನಿನ ಪ್ರಕಾರ ಎಲ್ಲರಿಗೂ ತೆರೆದಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಮಂಡಳಿಯ ಸದಸ್ಯರಾದ ಟ್ರಸ್ಟಿಗಳನ್ನು ಜನ ಮತ ಹಾಕಿ ಆರಿಸುತ್ತಾರೆ. ನಾನು ಕೂತ ಸಭೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಪಾರ್ಕಿಂಗ್ ಬಗ್ಗೆ ಮೂರು ನಿಮಿಷ ಬೈದಳು. ಎಲ್ಲರೂ ಬರೆದುಕೊಂಡರು. ನಾನು ಬರೆದುಕೊಂಡದ್ದು ಅವರು ಬರೆದುಕೊಂಡರು ಅನ್ನುವುದನ್ನು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ಅಡ್ವೈಸಿಂಗ್ ಕೌಂಟರಿನಲ್ಲಿ. ಅದಕ್ಕೆ ಅವರು ಅರ್ಲಿ ಅಲರ್ಟ್ ಅನ್ನುತ್ತಾರೆ. ಸೆಮಿಸ್ಟರ್ ಶುರುವಾದ ಕೆಲವೇ ವಾರಗಳಲ್ಲಿ, ತರಗತಿಗೆ ಬರದ, ಅಸೈನ್‌ಮೆಂಟ್ ಕೊಡದ ಹುಡುಗರ ಹೆಸರನ್ನು ಉಪನ್ಯಾಸಕರು ಗುರುತು ಮಾಡುತ್ತಾರೆ. ಅಡ್ವೈಸರ್ ಫೋನ್ ಮಾಡುತ್ತಾರೆ. ಅವರು ಸಾಫ್ಟ್‌ವೇರ್ ತೋರಿಸಿದರು, ದುಬಾರಿಯದು. ಅಲ್ಲಿದ್ದ ಹೆಂಗಸು ನಗುತ್ತಾ, "ಇದು ಬರುವ ಮುಂಚೆ ಹಳದಿ ಚೀಟಿ ಇತ್ತು, ಅದೂ ಕೆಲಸ ಮಾಡ್ತಿತ್ತು" ಎಂದರು. ನಾನು ಆ ಚೀಟಿಯನ್ನೇ ತಂದೆ.

ವಾಪಸ್ ಬಂದು 15 ದಿನದೊಳಗೆ ಶುರು ಮಾಡಿ. ತಡವಾದರೆ ಫೈಲು ನುಂಗುತ್ತದೆ. ಎಂಒಯು (ಎರಡು ಕಾಲೇಜುಗಳ ನಡುವಿನ ತಿಳಿವಳಿಕೆ ಪತ್ರ) ಸಹಿಗೆ ಅವಸರ ಬೇಡ, ಫೋಟೋ ಚೆನ್ನಾಗಿ ಬರುತ್ತದೆ, ಆಮೇಲೆ ಕಪಾಟಿಗೆ. ಅದರ ಬದಲು ನಿಮ್ಮ ಒಬ್ಬ ಉಪನ್ಯಾಸಕ, ಅವರ ಒಬ್ಬ ಉಪನ್ಯಾಸಕ ಸೇರಿ ಆನ್‌ಲೈನ್‌ನಲ್ಲಿ ಒಂದು ಪ್ರಾಜೆಕ್ಟ್ ಮಾಡಿಸಲಿ.

ನಮ್ಮಲ್ಲಿ ನಾಲ್ಕನೇ ವಾರ ಚೀಟಿ, ಐದನೇ ವಾರ ಫೋನ್. ಫೋನ್ ಮಾಡಿದಾಗ ತಿಳಿಯಿತು, ಬಿಟ್ಟು ಹೋಗುತ್ತಿದ್ದವರಲ್ಲಿ ಹಲವರಿಗೆ ಓದು ಕಷ್ಟವಾಗಿರಲೇ ಇಲ್ಲ. ಮಧ್ಯಾಹ್ನದ ಲ್ಯಾಬ್ ಅವರ ಕೆಲಸದ ಶಿಫ್ಟಿಗೆ ಅಡ್ಡ ಬರುತ್ತಿತ್ತು. ಒಂದು ಬ್ಯಾಚನ್ನು ಬೆಳಿಗ್ಗೆಗೆ ಹಾಕಿದೆವು. ಅದಕ್ಕೆ ನನ್ನ ಸಹಿ ಸಾಕಿತ್ತು. ಸೆಮಿಸ್ಟರ್ ಮುಗಿದ ಮೇಲೆ ಇದನ್ನೆಲ್ಲ ಕೌಂಟರಿನ ಆ ಹೆಂಗಸಿಗೆ ಮೇಲ್ ಮಾಡಿದೆ. ಮುಂದಿನ ವರ್ಷ ಅವರ ಕಾಲೇಜಿನಿಂದ ಇಬ್ಬರು ನಮ್ಮಲ್ಲಿಗೆ ಬಂದರು. ಅವರಿಗೆ ಭೇಟಿಗಳ ಪಟ್ಟಿ ಮಾಡುವಾಗ ದಿನಕ್ಕೆ ಎರಡೇ ಇಟ್ಟೆ.