ಮಡಕೆ ಮೇಲೆ ಈಜಿಪ್ಟಿನ ನೀಲಿ ತಾವರೆ ಬಿಡಿಸೋದು ಹೇಗೆ?

ಕಾಸರಗೋಡು ಪೇಟೆಯಲ್ಲಿ ಸಿಗುವ ಕೆಂಪು ಮಡಕೆಯೇ ಸಾಕು. ಕುತ್ತಿಗೆ ಸ್ವಲ್ಪ ಉದ್ದ ಇರಲಿ. ಮೆರುಗು ಬಳಿದದ್ದು ಬೇಡ, ಬಣ್ಣ ಹಿಡಿಯುವುದಿಲ್ಲ. ನಮ್ಮ ಮಳೆಗಾಲದಲ್ಲಿ ಮಡಕೆ ತೇವ ಎಳೆದಿರುತ್ತದೆ, ಒಲೆಯ ಹತ್ತಿರ ಇಟ್ಟು ಚೆನ್ನಾಗಿ ಒಣಗಿಸಿ.

ಮೊದಲು ತೆಳುವಾಗಿ ಕೆನೆಬಣ್ಣ ಬಳಿಯಿರಿ. ಪೆನ್ಸಿಲಿನಲ್ಲಿ ಅಡ್ಡಪಟ್ಟಿ ಎಳೆಯಿರಿ. ಕುತ್ತಿಗೆಯ ಕೆಳಗೆ ತಾವರೆ ಎಸಳಿನ ಸಾಲು, ತುದಿ ಕೆಳಮುಖ. ಹಬ್ಬದೂಟದಲ್ಲಿ ಹಳೇ ಕಾಲದ ಈಜಿಪ್ಟಿನವರು ಹೂಜಿಗಳಿಗೆ ನಿಜವಾದ ಹೂಮಾಲೆಯನ್ನೇ ಹಾಕುತ್ತಿದ್ದರು, ನಾವು ಕಲಶಕ್ಕೆ ಹಾಕುವುದಿಲ್ವಾ ಹಾಗೆ, ಈ ಚಿತ್ರ ಆ ಮಾಲೆಯನ್ನೇ ನೆನಪಿಸುತ್ತದೆ. ಎಸಳಿಗೆ ತಿಳಿನೀಲಿ, ಅಂಚಿಗೆ ಕಪ್ಪು, ನಡುನಡುವೆ ಕೆಂಪು ಗೆರೆ. ಕಡುನೀಲಿ ಬೇಡವೇ ಬೇಡ! ಮೂಲದ್ದು ಮಂಕು ನೀಲಿ. ಈಜಿಪ್ಟಿನ ಪಶ್ಚಿಮ ಮರುಭೂಮಿಯ ಖಾರ್ಗಾ, ದಾಖ್ಲಾ ಓಯಸಿಸ್‌ಗಳ ಪಟಿಕದಲ್ಲಿದ್ದ ಕೋಬಾಲ್ಟ್ ಎಂಬ ಲೋಹದಿಂದ ಅದು ಬರುತ್ತಿತ್ತು.

ಸುಮಾರು ಕ್ರಿ.ಪೂ. 1400ರಿಂದ 1200ರವರೆಗಿನ ಫ್ಯಾಷನ್ ಇದು. ಮಲ್ಕಟಾ, ಅಮರ್ನಾದಂಥ ಅರಮನೆ ಊರುಗಳಲ್ಲಿ ಜಾಸ್ತಿ ಸಿಕ್ಕಿದೆ. ಸಾಮಾನ್ಯರ ಅಡುಗೆ ಮಡಕೆ, ಬಿಯರ್ ಹೂಜಿಗಳು ಹೆಚ್ಚಾಗಿ ಬೋಳು ನೈಲ್ ಮಣ್ಣಿನವು.

ಈ ನೀಲಿ ಮಡಕೆಗಳಿಗೆ ಅವರು ಸಾಮಾನ್ಯವಾಗಿ ಬಣ್ಣ ಬಳಿದು ಆಮೇಲೆ ಸುಡುತ್ತಿದ್ದರು. ನಮ್ಮದು ಅಕ್ರಿಲಿಕ್, ಸುಮ್ನೆ ಶೋಗೆ. ಹಾಗಾಗಿ ಇದರಲ್ಲಿ ಅಡುಗೆಯೂ ಬೇಡ, ಕುಡಿಯುವ ನೀರೂ ಬೇಡ.