ಅರಣೆ ಮೀನಿನ ಉಂಡೆ ಒಡೆಯದಂತೆ ಮಾಡುವುದು ಹೇಗೆ?

ಬೆಂಗಳೂರು ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಅರಣೆ ಮೀನು ಕಂಡರೂ ಎಷ್ಟೋ ಜನ ಮುಂದೆ ಹೋಗಿಬಿಡುತ್ತಾರೆ. ಉದ್ದನೆ ಮೈ, ಹಲ್ಲಿಯಂಥ ತಲೆ, ನಾಲಿಗೆಯ ಮೇಲೂ ಹಲ್ಲು. ಕೊಂಡವರು ಸಾರಿಗೆ ಹಾಕಿ, ಬರೀ ಮುಳ್ಳು, ಮಾಂಸ ಕರಗಿಹೋಯಿತು ಅಂತ ಬೇಸರಪಡುತ್ತಾರೆ. ಸಮುದ್ರದ ತಳದ ಮರಳಿನಲ್ಲಿ ಹೊಂಚು ಹಾಕಿ ಬದುಕುವ ಈ ಮೀನಿನ ಮಾಂಸವೇ ಮೆತ್ತಗೆ. ಅದಕ್ಕೆ ಉಂಡೆಯೇ ಸರಿ. ಮೀನಿನ ಮಾಂಸ ತೊಳೆದು ರುಬ್ಬಿ ಅಂಟುಮುದ್ದೆ (ಸುರಿಮಿ) ಮಾಡುವ ಕಾರ್ಖಾನೆಗಳು ಇದನ್ನೂ ಕೊಳ್ಳುವುದು ಸುಮ್ನೆ ಅಲ್ಲ.

ಮೊದಲು ಕೊಳ್ಳುವುದು. ಕಣ್ಣು ಹೊಳೆಯುತ್ತಿರಬೇಕು, ಮೈ ಬಿಗಿಯಾಗಿರಬೇಕು. ಜೂನ್, ಜುಲೈನಲ್ಲಿ ನಮ್ಮ ಕರಾವಳಿಯ ಟ್ರಾಲ್ ದೋಣಿಗಳು ಕಡಲಿಗಿಳಿಯುವುದಿಲ್ಲ, ಆಗ ಇದರ ಆಸೆ ಬಿಡಿ. ಫ್ರೀಜರಿನಲ್ಲಿ ಬಹಳ ದಿನ ಇಟ್ಟದ್ದು ಬೇಡವೇ ಬೇಡ. ಯಾರೂ ಏನೂ ಬೆರೆಸದಿದ್ದರೂ ಅರಣೆಯ ಮಾಂಸದಲ್ಲಿ ತಾನಾಗಿಯೇ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಹುಟ್ಟುತ್ತದೆ. ಅದರಿಂದ ದಿನ ಕಳೆದಂತೆ ಮಾಂಸ ನಾರಾಗಿ, ಅಂಟುವ ಗುಣ ಹೋಗುತ್ತದೆ.

ತಲೆ, ಹೊಟ್ಟೆ ತೆಗೆಸಿ, ಉದ್ದಕ್ಕೆ ಸೀಳಿಸಿಕೊಳ್ಳಿ. ಮನೆಯಲ್ಲಿ ಚಮಚದಿಂದ ಒಂದೇ ದಿಕ್ಕಿಗೆ ಕೆರೆದು ಮಾಂಸ ತೆಗೆಯಿರಿ. ಮುಳ್ಳು ಎದ್ದು ಬಂದರೆ ದಿಕ್ಕು ಬದಲಿಸಿ. ಆಮೇಲೆ ಬೆರಳಲ್ಲಿ ತಡವಿ ನೋಡಿ, ಮಕ್ಕಳಿರುವ ಮನೆಯಲ್ಲಿ ಎರಡು ಸಲ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಮಾಂಸವನ್ನು ಐಸ್ ನೀರಿನಲ್ಲಿ ಒಮ್ಮೆ ತೊಳೆದು, ತೆಳುಬಟ್ಟೆಯಲ್ಲಿ ಕಟ್ಟಿ ಚೆನ್ನಾಗಿ ಹಿಂಡಿ. ಅರ್ಧ ಕಿಲೋಗೆ 10 ಗ್ರಾಂ, ಅಂದರೆ ಸುಮಾರು ಎರಡು ಟೀ ಚಮಚ, ಉಪ್ಪು ಹಾಕಿ. ಮಸಾಲೆಗಿಂತ ಮುಂಚೆ ಉಪ್ಪು! ಉಪ್ಪಿಗೆ ಮಾಂಸದ ಪ್ರೋಟೀನ್ ಬಿಟ್ಟುಕೊಂಡು ಅಂಟಾಗುತ್ತದೆ, ಉಂಡೆ ಹಿಡಿದು ನಿಲ್ಲುವುದೇ ಅದರಿಂದ. ಮಿಕ್ಸಿಯಲ್ಲಿ ಎರಡು ಐಸ್ ತುಂಡು ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಜಾರ್ ಮುಟ್ಟಿದರೆ ತಣ್ಣಗಿರಬೇಕು. ಬೆಚ್ಚಗಾಯಿತೋ, ಅಂಟು ಕೆಟ್ಟಿತು, ಆಮೇಲೆ ಏನು ಮಾಡಿದರೂ ಸರಿಹೋಗದು. ನಮ್ಮ ಪಕ್ಕದ ಮನೆಯವರು ಒಂದೇ ಸಮನೆ ರುಬ್ಬಿದರು, ಉಂಡೆಗಳೆಲ್ಲ ಎಣ್ಣೆಯಲ್ಲಿ ಪುಡಿಪುಡಿಯಾದವು. ಪಾಪ, ಬೆಳಗ್ಗೆಯಿಂದ ಕೂತು ಮುಳ್ಳು ತೆಗೆದಿದ್ದರು. ಚಮಚಕ್ಕೆ ಮೆತ್ತಿಕೊಂಡು ಬೀಳದಿದ್ದರೆ ಹದ ಬಂದಿದೆ.

ಈಗ ಹಸಿಮೆಣಸು, ಶುಂಠಿ, ಕರಿಬೇವು ಸಣ್ಣಗೆ ಹೆಚ್ಚಿ ಸೇರಿಸಿ. ಪ್ಯಾಕೆಟ್ಟಿನ ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಹಾಕಬೇಡಿ, ಅದರ ಹುಳಿಯೂ ನೀರೂ ಹದ ಕೆಡಿಸುತ್ತವೆ. ಮೈದಾ, ಬ್ರೆಡ್ ಪುಡಿ ಬೇಕಾಗಿಲ್ಲ. ಒದ್ದೆ ಕೈಯಲ್ಲಿ ನಿಂಬೆಕಾಯಿ ಗಾತ್ರ ಕಟ್ಟಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಆಮೇಲೆ ಉಂಡೆಗಳನ್ನು ಬಿಸಿನೀರಿಗೆ ಬಿಡಿ. ನೀರು ಕೊತಕೊತ ಕುದಿಯಬಾರದು, ಸಣ್ಣಗೆ ಹಬೆಯಾಡುತ್ತಿರಬೇಕು. ಉಂಡೆ ತೇಲಿದ ಮೇಲೆ ಇನ್ನೂ ನಾಲ್ಕೈದು ನಿಮಿಷ ಬೇಯಿಸಿ ತೆಗೆಯಿರಿ. ತಿನ್ನುವ ಹೊತ್ತಿಗೆ ತೆಂಗಿನೆಣ್ಣೆಯಲ್ಲಿ ಕೆಂಪಗೆ ಕರಿದುಕೊಳ್ಳಿ, ಇಲ್ಲವೇ ತಿಳಿ ಸಾರಿಗೆ ಹಾಗೇ ಬಿಡಿ. ಉಳಿದವನ್ನು ಫ್ರಿಜ್‌ನಲ್ಲಿಟ್ಟು ಮರುದಿನವೇ ಮುಗಿಸಿ.