ರೈಲಿನಲ್ಲಿ ಓಡಾಡಿಕೊಂಡು ಇಂಜಿನಿಯರಿಂಗ್ ಓದಿದವನ ಸಮಯದ ಲೆಕ್ಕ

ಮಂಡ್ಯದಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಓಡಾಡಿಕೊಂಡು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ, ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು ನಾನು. ಹಾಸ್ಟೆಲಿನಲ್ಲಿದ್ದವರಿಗೆ ಸಿಗುತ್ತಿದ್ದಂಥ ಸುದೀರ್ಘ ಸಂಜೆಗಳು ನನಗಿರಲಿಲ್ಲವಾದ್ದರಿಂದ, ವೇಳಾಪಟ್ಟಿ ಬರೆಯುವ ಮೊದಲು ಸಮಯ ಎಲ್ಲಿ ಹೋಗುತ್ತಿದೆಯೆಂದು ಲೆಕ್ಕ ಹಾಕಬೇಕಾಯಿತು.

ವಾರದ 168 ಗಂಟೆಗಳಲ್ಲಿ ನಿದ್ದೆಗೆ 49, ಕಾಲೇಜಿಗೆ ಸುಮಾರು 40, ಓಡಾಟಕ್ಕೆ 18, ಸ್ನಾನ, ಊಟ, ಮನೆಗೆಲಸಗಳಿಗೆ 21 ಗಂಟೆ ಕಳೆದರೆ ಉಳಿಯುತ್ತಿದ್ದದ್ದು 40. ಇದು ಕಡಿಮೆಯೇನಲ್ಲ, ಆದರೆ ಅದು ಇಲ್ಲಿ ಅರ್ಧ ಗಂಟೆ, ಅಲ್ಲಿ ಇಪ್ಪತ್ತು ನಿಮಿಷವೆಂದು ಚೂರುಚೂರಾಗಿ ಸಿಗುತ್ತಿತ್ತು. ಹಾಗಾಗಿ ಯಾವ ವಿಷಯವನ್ನು ಎಷ್ಟು ಹೊತ್ತು ಓದಬೇಕು ಎನ್ನುವುದಕ್ಕಿಂತ, ಯಾವ ಹೊತ್ತಿಗೆ ಯಾವ ಕೆಲಸ ಹೊಂದುತ್ತದೆ ಎನ್ನುವುದನ್ನೇ ನಾನು ಮುಖ್ಯವಾಗಿ ನೋಡತೊಡಗಿದೆ.

ಬೆಳಗಿನ ರೈಲಿನಲ್ಲಿ ನಿಲ್ಲಲು ಜಾಗ ಸಿಕ್ಕರೆ ಅದೇ ದೊಡ್ಡದು. ಪುಸ್ತಕ ತೆರೆಯುವಂತಿರಲಿಲ್ಲ, ಹಿಂದಿನ ದಿನ ಪಾಠವಾದ ಸೂತ್ರವೊಂದರ ವ್ಯುತ್ಪತ್ತಿಯನ್ನು (ಡೆರಿವೇಶನ್) ಮೊದಲ ಸಾಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಎಲ್ಲಿ ತಡವರಿಸಿದೆನೋ ಆ ಹಂತವನ್ನು ಸೀಟು ಸಿಗುತ್ತಿದ್ದ ಸಂಜೆಯ ರೈಲಿನಲ್ಲಿ ನೋಟ್ಸ್ ತೆರೆದು ನೋಡಿ, ಅರ್ಥವಾಗದಿದ್ದರೆ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿಟ್ಟು ಮರುದಿನ ಮೇಷ್ಟ್ರನ್ನು ಕೇಳುತ್ತಿದ್ದೆ. ಥರ್ಮೋಡೈನಾಮಿಕ್ಸ್ ಲೆಕ್ಕಗಳಿಗೆ ಕ್ಯಾಲ್ಕುಲೇಟರ್, ಡೇಟಾ ಹ್ಯಾಂಡ್‌ಬುಕ್ ಎರಡನ್ನೂ ಹರಡಿಕೊಳ್ಳಬೇಕು. ಅವುಗಳಿಗೂ ಮೂರನೇ ಸೆಮಿಸ್ಟರಿನ ‘ಎಂ-ತ್ರೀ’ ಗಣಿತಕ್ಕೂ ಬೆಳಗಿನ ಐದರಿಂದ ಆರೂವರೆ ಮೀಸಲು. ಆಗ ಮೊಬೈಲು ಅಮ್ಮನ ಕೋಣೆಯಲ್ಲಿರುತ್ತಿತ್ತು.

ಇಪ್ಪತ್ತೈದು ನಿಮಿಷ ಓದಿ ಐದು ನಿಮಿಷ ವಿರಾಮ ಪಡೆಯುವ ಪೊಮೊಡೊರೊ ಪದ್ಧತಿಯನ್ನೂ ಪ್ರಯೋಗಿಸಿ ನೋಡಿದೆ. ಥಿಯರಿ ಓದಲು ಅದು ಚೆನ್ನಾಗಿದೆ. ಆದರೆ ಫೋರಿಯರ್ ಸರಣಿಯ ಲೆಕ್ಕವೊಂದು ಅನುಕಲನದ (ಇಂಟಿಗ್ರೇಶನ್) ನಡುವೆ ಇರುವಾಗ ಗಂಟೆ ಬಾರಿಸಿದರೆ, ಮತ್ತೆ ಅದೇ ಎಳೆ ಹಿಡಿಯಲು ವಿರಾಮಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಗಣಿತಕ್ಕೆ ಗಡಿಯಾರವನ್ನು ಬಿಟ್ಟು, ಒಂದು ಲೆಕ್ಕ ಮುಗಿದ ಮೇಲೆಯೇ ಏಳುವ ನಿಯಮ ಇಟ್ಟುಕೊಂಡೆ.

ಲ್ಯಾಬ್ ರೆಕಾರ್ಡನ್ನು ಪ್ರಯೋಗ ನಡೆದ ವಾರವೇ, ಹೆಚ್ಚಾಗಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಬರೆದು ಮುಗಿಸುತ್ತಿದ್ದೆ. ಅಳತೆಗಳು ನೆನಪಿನಲ್ಲಿರುವಾಗ ಅದು ಬೇಗ ಸಾಗುತ್ತದೆ. ಕಾಲೇಜಿನ ಆಂತರಿಕ ಪರೀಕ್ಷೆಯಾದ ಇಂಟರ್ನಲ್ಸ್‌ನ ಹಿಂದಿನ ರಾತ್ರಿಯವರೆಗೆ ಬಿಟ್ಟರೆ ಓದುವ ಹೊತ್ತನ್ನು ಅದೇ ತಿನ್ನುತ್ತದೆ. ಹಾಜರಾತಿಯ ವಿಷಯದಲ್ಲಿಯೂ ನನ್ನ ಅಭಿಪ್ರಾಯ ತುಸು ಹಳೆಯ ಕಾಲದ್ದು. ಶೇಕಡಾ 85 ಕಡ್ಡಾಯವಾದರೆ ಉಳಿದ 15ರಲ್ಲಿ ಎಷ್ಟು ಕ್ಲಾಸ್ ಬಂಕ್ ಮಾಡಬಹುದೆಂದು ಗೆಳೆಯರು ಲೆಕ್ಕ ಹಾಕುತ್ತಿದ್ದರು. ನನಗೋ, ಅಷ್ಟು ದೂರ ಬಂದ ಮೇಲೆ ತರಗತಿಯಲ್ಲಿ ಗಮನವಿಟ್ಟು ಕೂರುವುದಕ್ಕಿಂತ ಅಗ್ಗದ ಓದು ಬೇರೆ ಕಾಣಲಿಲ್ಲ.

ಸೆಮಿಸ್ಟರ್ ಪರೀಕ್ಷೆಯದು ಬೇರೆಯೇ ಲೆಕ್ಕ. ಮೂರು ಗಂಟೆ, ನೂರು ಅಂಕ. ಪಠ್ಯದ ಐದು ಮಾಡ್ಯೂಲುಗಳಿಂದ (ಭಾಗಗಳಿಂದ) ತಲಾ ಒಂದು ಪೂರ್ಣ ಪ್ರಶ್ನೆ. ಒಂದಕ್ಕೆ 36 ನಿಮಿಷ ಸಿಗುತ್ತದೆ. ನಾನು 33ಕ್ಕೆ ನಿಲ್ಲಿಸಿ, ಉಳಿಯುವ ಕಾಲು ಗಂಟೆಯನ್ನು ಆರಂಭದಲ್ಲಿ ಪ್ರಶ್ನೆಗಳನ್ನು ಆರಿಸಲೂ ಕೊನೆಯಲ್ಲಿ ಏಕಮಾನಗಳನ್ನು ಪರಿಶೀಲಿಸಲೂ ಇಟ್ಟುಕೊಳ್ಳುತ್ತಿದ್ದೆ. ಇದಕ್ಕಾಗಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಭಾನುವಾರ ಬೆಳಿಗ್ಗೆ, ಪರೀಕ್ಷೆ ನಡೆಯುವ ಹೊತ್ತಿಗೇ ಸರಿಯಾಗಿ ಕೂತು ಬರೆಯುತ್ತಿದ್ದೆ. ಭಾನುವಾರ ಮಧ್ಯಾಹ್ನಕ್ಕೆ ಮಾತ್ರ ಏನನ್ನೂ ನಿಗದಿ ಮಾಡುತ್ತಿರಲಿಲ್ಲ; ವಾರದಲ್ಲಿ ಉಳಿದುಹೋದದ್ದು ಅಲ್ಲಿಗೆ ಬರುತ್ತಿತ್ತು, ಏನೂ ಉಳಿದಿರದಿದ್ದರೆ ಕ್ರಿಕೆಟ್ಟಿಗೆ ಹೋಗುತ್ತಿದ್ದೆ.